ಥಿನ್ನರ್ ಕೈಗೆ ತಾಗಿದರೆ ಮೈಯೊಳಗೆ ಹೋಗುತ್ತದಾ?

ಮಾಸ್ಕ್ ಹಾಕಿಕೊಂಡೇ ಇರುತ್ತೇನೆ, ಆದರೆ ಬಿಡಿಭಾಗಗಳನ್ನು ಬರಿಗೈಯಲ್ಲಿ ಥಿನ್ನರ್ ಹಾಕಿ ತೊಳೆಯುತ್ತೇನೆ, ಪರವಾಗಿಲ್ವಾ ಅಂತ ಕೇಳಿದ್ದೀರಿ. ಪರವಾಗಿಲ್ಲ ಅನ್ನುವ ಹಾಗಿಲ್ಲ. ಅದು ಚರ್ಮದಿಂದಲೂ ಒಳಗೆ ಹೋಗುತ್ತದೆ.

ನಾನೂ ಕೆಲವು ವರ್ಷ ಸ್ಪ್ರೇ ಪೇಂಟಿಂಗ್ ಮಾಡಿದವನು. ಸಂಜೆ ಕೈಗೆ ಅಂಟಿದ ಬಣ್ಣವನ್ನು ಥಿನ್ನರ್‌ನಲ್ಲೇ ತೊಳೆಯುತ್ತಿದ್ದೆವು. ಸೋಪಿಗಿಂತ ಬೇಗ ಹೋಗುತ್ತಿತ್ತಲ್ಲ! ಕೈ ಬೂದಿ ಬಳಿದ ಹಾಗೆ ಬೆಳ್ಳಗಾಗಿ ಬಿರುಕು ಬಿಡುತ್ತಿತ್ತು. ಚಳಿಗೆ ಹಾಗಾಗಿದೆ ಅಂದುಕೊಂಡು ಸುಮ್ಮನಿದ್ದೆ.

ಚರ್ಮದ ಮೇಲ್ಪದರವನ್ನು ಕಾಯುವುದು ಅದರೊಳಗಿನ ಜಿಡ್ಡು. ಥಿನ್ನರ್‌ನ ಕೆಲಸವೇ ಜಿಡ್ಡು ಕರಗಿಸುವುದು. ಬೇಲಿ ಕಿತ್ತು ಗದ್ದೆಗೆ ನುಗ್ಗಿದ ಹಾಗೆ. ಬಿರುಕು ಬಿಟ್ಟ ಕೈಯಲ್ಲಿ ಇನ್ನೂ ಜಾಸ್ತಿ ಇಳಿಯುತ್ತದೆ.

ಥಿನ್ನರ್‌ನಂಥ ಕರಗಿಸುವ ದ್ರವಗಳಿಗೆ ಸಾಲ್ವೆಂಟ್ ಅನ್ನುತ್ತಾರೆ. ಎಲ್ಲ ಸಾಲ್ವೆಂಟೂ ಒಂದೇ ಅಲ್ಲ. ಟೊಲ್ಯೂನ್, ಜೈಲೀನ್ ಹೆಚ್ಚಾಗಿ ಹೋಗುವುದು ಉಸಿರಿನಲ್ಲಿ, ಚರ್ಮದ ಪಾಲು ಕಡಿಮೆ. ನನಗೆ ಹೆದರಿಕೆ ಇರುವುದು ಡಿಎಂಎಫ್ (ಡೈಮೀಥೈಲ್ ಫಾರ್ಮಮೈಡ್) ಅನ್ನುವ ಸಾಲ್ವೆಂಟ್ ಬಗ್ಗೆ. ಸಿಂಥೆಟಿಕ್ ಲೆದರ್ ತಯಾರಿಸುವ ಕಡೆ ಬಳಸುತ್ತಾರೆ. ಅದರ ದ್ರವ ಇರಲಿ, ಆವಿ ಕೂಡ ಚರ್ಮದ ಮೂಲಕ ಇಳಿಯುತ್ತದೆ. ಮಾಸ್ಕ್ ಹಾಕಿ ಏನು ಬಂತು? ಪೆಟ್ಟು ಬೀಳುವುದು ಲಿವರ್‌ಗೆ. ಅದರ ಜೊತೆ ಕೆಲಸ ಮಾಡುವವರು ಒಂಚೂರು ಮದ್ಯ ಕುಡಿದರೂ ಮುಖ ಕೆಂಪೇರಿ ಬಿಸಿಯಾಗುವುದುಂಟು. ಹಾಗಾದರೆ ಡಾಕ್ಟರ ಹತ್ತಿರ ಹೋಗಿ. ಮೂತ್ರ ಪರೀಕ್ಷೆಯಲ್ಲಿ ಎಷ್ಟು ಒಳಹೋಗಿದೆ ಅಂತ ಗೊತ್ತಾಗುತ್ತದೆ. ಹೆದರಬೇಕಾದ ಇನ್ನೊಂದು ಸಾಲ್ವೆಂಟ್ 2-ಮೀಥಾಕ್ಸಿಎಥನಾಲ್. ವಾಸನೆ ಕಟುವಲ್ಲ, ಕೈಯೂ ಉರಿಯುವುದಿಲ್ಲ. ಆದರೆ ರಕ್ತ, ವೀರ್ಯ, ಹೊಟ್ಟೆಯಲ್ಲಿರುವ ಮಗು ಮೂರಕ್ಕೂ ಕೆಟ್ಟದ್ದು.

ಗ್ಲೌಸ್ ಹಾಕಿದರೆ ಮುಗೀತಾ? ಅಲ್ಲೇ ಎಡವುವುದು. ತೆಳ್ಳನೆಯ ನೈಟ್ರೈಲ್ (ಒಂದು ಬಗೆಯ ಕೃತಕ ರಬ್ಬರ್) ಗ್ಲೌಸ್ ಅಸಿಟೋನ್ ಅನ್ನುವ ಸಾಲ್ವೆಂಟ್ ಎದುರು ಕೆಲವೇ ನಿಮಿಷ ತಡೆಯುತ್ತದೆ. ಹರಿಯುವುದಿಲ್ಲ, ತೂತೂ ಕಾಣುವುದಿಲ್ಲ, ದ್ರವ ಮಾತ್ರ ನುಸುಳಿ ಬಂದಿರುತ್ತದೆ. ಒಳಗೆ ಸಿಕ್ಕಿಬಿದ್ದದ್ದು ಆವಿಯಾಗಿ ಹೋಗಲೂ ಆಗದೆ ಕೈಗೇ ಅಂಟಿಕೊಂಡಿರುತ್ತದೆ. ಅಸಿಟೋನ್‌ಗೆ ಬ್ಯುಟೈಲ್ ರಬ್ಬರ್ ಗ್ಲೌಸ್ ಒಳ್ಳೆಯದು, ಆದರೆ ಅದೇ ಗ್ಲೌಸ್ ಟೊಲ್ಯೂನ್‌ಗೆ ಆಗಿಬರುವುದಿಲ್ಲ, ಅದಕ್ಕೆ ವೈಟಾನ್ ಅನ್ನುವ ಇನ್ನೊಂದು ಬಗೆಯ ರಬ್ಬರಿನ ಗ್ಲೌಸ್ ಬೇಕು. ಥಿನ್ನರ್ ಅನ್ನುವುದೇ ಹಲವು ಸಾಲ್ವೆಂಟ್‌ಗಳ ಬೆರಕೆ. ಹಾಗಾಗಿ ಮಾರಿದವರ ಹತ್ತಿರ ಸೇಫ್ಟಿ ಡೇಟಾ ಶೀಟ್ ಕೇಳಿ ತೆಗೆದುಕೊಳ್ಳಿ. ಅದರ 3ನೇ ಭಾಗದಲ್ಲಿ ಏನೇನು ಬೆರೆಸಿದ್ದಾರೆ ಅಂತ ಇರುತ್ತದೆ, 8ನೇ ಭಾಗದಲ್ಲಿ ಯಾವ ಗ್ಲೌಸ್ ಅಂತ.

ಕೈಗೆ ಬಣ್ಣ ಅಂಟಿದರೆ ಸ್ವಲ್ಪ ಅಡುಗೆ ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸೋಪು ಹಾಕಿ. ನಿಧಾನ ಆಗುತ್ತದೆ, ನಿಜ. ನಾನೀಗ ಹಾಗೇ ಮಾಡುವುದು. ಬೆರಳಲ್ಲಿ ಜೋಮು, ತಲೆಸುತ್ತು ಶುರುವಾಗಿದ್ದರೆ ಮಾತ್ರ ಕಾಯಬೇಡಿ. ಡಬ್ಬಿಯ ಲೇಬಲ್ ಫೋಟೋ ತೆಗೆದುಕೊಂಡೇ ಡಾಕ್ಟರ ಬಳಿ ಹೋಗಿ.