ಜರ್ಮನಿಯಲ್ಲಿ ಓದುವಾಗ ಊಟಕ್ಕೆ ತಿಂಗಳಿಗೆ 100 ಯೂರೋ ಸಾಕಾ? ಮೂರು ಹೊತ್ತೂ ರೂಮಿನಲ್ಲೇ ಅಡುಗೆ ಮಾಡಿಕೊಂಡರೆ ಆಗಲ್ವಾ?

ನಾನು ಓದುತ್ತಿದ್ದ 2018ರಲ್ಲಿ ಆಗುತ್ತಿತ್ತು. ನಾನು ತಿಂಗಳಿಗೆ 90 ಯೂರೋದಲ್ಲೇ ಮುಗಿಸಿದ್ದೆ. ಅದರಿಂದ ನನಗೆ ಒಂದು ಸೆಮಿಸ್ಟರ್ ಹೋಯಿತು.

2018ರ ಅಕ್ಟೋಬರ್‌ನಲ್ಲಿ ಮಾಸ್ಟರ್ಸ್ ಮಾಡಲು ಸ್ಯಾಕ್ಸನಿ ರಾಜ್ಯದ ಒಂದು ಊರಿಗೆ ಹೋದೆ. ಆಗ ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ವೀಸಾಗೆಂದು ಮೊದಲೇ ದುಡ್ಡು ತುಂಬಿ ತಿಂಗಳಿಗೆ ಇಷ್ಟಿಷ್ಟೇ ತೆಗೆಯಬಹುದಾದ ಖಾತೆಯಲ್ಲಿ, ವರ್ಷಕ್ಕೆ 8,640 ಯೂರೋ ಇಡಬೇಕಿತ್ತು. ತಿಂಗಳಿಗೆ ಕೈಗೆ ಬರುತ್ತಿದ್ದದ್ದು 720. (2024ರ ಸೆಪ್ಟೆಂಬರ್‌ನಿಂದ ಅದು 992 ಆಗಿದೆ.) ಅಪ್ಪ ಸಾಲ ಮಾಡಿ ಕಳಿಸಿದ್ದರು. ಹಾಗಾಗಿ ಏನು ನೋಡಿದರೂ ತಲೆಯೊಳಗೆ 80ರ ಮಗ್ಗಿ ಓಡುತ್ತಿತ್ತು. ಮೆನ್ಸಾದಲ್ಲಿ, ಅಂದರೆ ಯೂನಿವರ್ಸಿಟಿ ಕ್ಯಾಂಟೀನಿನಲ್ಲಿ, ಮಧ್ಯಾಹ್ನದ ಊಟಕ್ಕೆ ಎರಡೂವರೆ ಯೂರೋ. 200 ರೂಪಾಯಿ! ದಾವಣಗೆರೆಯವನಿಗೆ 200 ರೂಪಾಯಿ ಅಂದರೆ ನಾಲ್ಕು ಬೆಣ್ಣೆ ದೋಸೆ. ಅಷ್ಟು ಕೊಟ್ಟು ಬೇಯಿಸಿದ ಆಲೂಗಡ್ಡೆ ತಿನ್ನೋದಾ ಅಂತ ಮೊದಲ ದಿನವೇ ತೀರ್ಮಾನ ಮಾಡಿಬಿಟ್ಟೆ.

ಹಾಸ್ಟೆಲ್ ರೂಮು ಹತ್ತು ನಿಮಿಷದ ನಡಿಗೆ. ಬೆಳಗಿನ ಕ್ಲಾಸು ಮುಗಿದ ಕೂಡಲೇ ಬ್ಯಾಗ್ ಹಾಕಿಕೊಂಡು ಹೊರಡುತ್ತಿದ್ದೆ. ಹಿಂದಿನ ರಾತ್ರಿಯ ಅನ್ನ, ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿಯ ಸಾರು, ಶೇಂಗಾ ಚಟ್ನಿ ಪುಡಿ. ತಿಂದು, ಪಾತ್ರೆ ತೊಳೆದು, ಎರಡು ಗಂಟೆಗೆ ವಾಪಸ್. ದಿನಕ್ಕೆ ಒಂದೂವರೆ ಯೂರೋ ಉಳಿತಾಯ. ಇದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದೂ ಇಡುತ್ತಿದ್ದೆ, ನಗಬೇಡಿ.

ಈಗ ತಪ್ಪು ಎಲ್ಲಾಯಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಊರಲ್ಲಿ ಇಂಜಿನಿಯರಿಂಗ್ ಓದುವಾಗ ಪರೀಕ್ಷೆ ಫೀ ಕಟ್ಟುವ ದಿನ ಹತ್ತಿರ ಬಂದರೆ ನೋಟಿಸ್ ಹಾಕುತ್ತಾರೆ. ಮರೆತರೆ ಆಫೀಸಿನವರೇ ಕರೆದು ಬೈಯುತ್ತಾರೆ. ಅಲ್ಲಿ ಹಾಗಲ್ಲ. ಕ್ಲಾಸಿಗೆ ಹೋದ ಮಾತ್ರಕ್ಕೆ ಪರೀಕ್ಷೆಗೆ ಕೂರಲು ಆಗಲ್ಲ. ಒಂದೊಂದು ವಿಷಯಕ್ಕೂ ನೀವೇ ಆನ್‌ಲೈನ್‌ನಲ್ಲಿ ಹೆಸರು ಕೊಡಬೇಕು. ಅದಕ್ಕೆ ಇಷ್ಟು ದಿನ ಅಂತ ಇರುತ್ತೆ, ಆ ದಿನ ದಾಟಿದರೆ ಮುಗೀತು. ನಮ್ಮಲ್ಲಿ ಅದು ಡಿಸೆಂಬರ್‌ನಲ್ಲಿ ಬಂತು. ಮೇಲ್ ಕಳಿಸಿದ್ದರು, ಜರ್ಮನ್‌ನಲ್ಲಿ. ಸಬ್ಜೆಕ್ಟ್ ಸಾಲಿನಲ್ಲಿ ಒಂದು ಮಾರುದ್ದದ ಪದ, ಕೊನೆಯಲ್ಲಿ 'ಆನ್‌ಮೆಲ್ಡುಂಗ್' ಅಂತ ಇತ್ತು. ನನಗೆ ಗೊತ್ತಿದ್ದ ಆನ್‌ಮೆಲ್ಡುಂಗ್ ಒಂದೇ. ಹೊಸಬರು ಊರಿಗೆ ಬಂದ ಕೂಡಲೇ ನಗರಾಡಳಿತದ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕಲ್ಲ, ಅದು. ಅಕ್ಟೋಬರ್‌ನಲ್ಲೇ ಮಾಡಿಸಿದ್ದೆ, ಕಾಗದವೂ ಫೈಲಿನಲ್ಲಿತ್ತು. ಇದು ಆಗಿದೆಯಲ್ಲ ಅಂತ ಮೇಲ್ ತೆರೆಯದೆ ಬಿಟ್ಟೆ. ಆ ಉದ್ದ ಪದದ ಮೊದಲ ಅರ್ಧ 'ಪರೀಕ್ಷೆ' ಅಂತ ತಿಳಿದದ್ದು ಎರಡು ತಿಂಗಳಾದ ಮೇಲೆ.

ಜರ್ಮನ್ ಬಾರದೆ ಹೀಗಾಯಿತು, ಊಟಕ್ಕೇನು ಸಂಬಂಧ ಅಂತೀರಾ? ನಮ್ಮ ಬ್ಯಾಚಿನಲ್ಲಿ ಜರ್ಮನ್ ಬಾರದವರು ಇನ್ನೂ ಹನ್ನೆರಡು ಜನ ಇದ್ದರು. ಹನ್ನೆರಡೂ ಜನ ಹೆಸರು ಕೊಟ್ಟಿದ್ದರು. ಯಾಕಂದರೆ ಹನ್ನೆರಡೂ ಜನ ಮೆನ್ಸಾದ ಒಂದೇ ಉದ್ದ ಮೇಜಿನಲ್ಲಿ ಊಟ ಮಾಡುತ್ತಿದ್ದರು. ಅಲ್ಲಿ ಒಂದು ವಾರ ಪೂರ್ತಿ ಇದೇ ಮಾತಂತೆ. ಆ ಹೊತ್ತಿಗೆ ನಾನು ರೂಮಿನಲ್ಲಿ ಅನ್ನ ಕಲಸುತ್ತಿದ್ದೆ.

ಫೆಬ್ರವರಿಯ ಮೊದಲ ಪರೀಕ್ಷೆ. ಬಾಗಿಲಲ್ಲಿ ಒಬ್ಬ ಮೇಡಂ ಎ4 ಹಾಳೆ ಹಿಡಿದು ನಿಂತಿದ್ದರು. ಹೆಸರಿಲ್ಲ, ಬರೀ ರಿಜಿಸ್ಟರ್ ನಂಬರುಗಳು. ನನ್ನ ಕಾರ್ಡು ನೋಡಿ ಪೆನ್ನಿನ ತುದಿಯನ್ನು ಮೇಲಿಂದ ಕೆಳಗೆ ತಂದರು. ಮತ್ತೆ ಮೇಲಿಂದ ಕೆಳಗೆ. ಹಾಳೆ ತಿರುಗಿಸಿ ಹಿಂದೆಯೂ ನೋಡಿದರು, ಅಲ್ಲಿ ಏನೂ ಪ್ರಿಂಟ್ ಆಗಿರಲಿಲ್ಲ. ನನಗೋಸ್ಕರ ನೋಡಿದ್ದು ಅಂತ ಕಾಣುತ್ತೆ. ಆಮೇಲೆ ತಲೆ ಅಲ್ಲಾಡಿಸಿದರು. ನನ್ನ ಹಿಂದೆ ನಿಂತಿದ್ದವನು ಪಕ್ಕಕ್ಕೆ ಸರಿದು ಒಳಗೆ ಹೋದ.

ಒಟ್ಟು ನಾಲ್ಕು ಪರೀಕ್ಷೆ ಹೋದವು. ಮೂರನ್ನು ಬೇಸಿಗೆಯಲ್ಲಿ ಬರೆದೆ. ನಾಲ್ಕನೆಯದು ವರ್ಷಕ್ಕೆ ಒಂದೇ ಸಲ ನಡೆಯೋದು. ಅದಾಗದೆ ಥೀಸಿಸ್ ಶುರು ಮಾಡುವಂತಿರಲಿಲ್ಲ. ನೋಟ್‌ಬುಕ್ ಲೆಕ್ಕ ಕೇಳಿ: 75 ಮಧ್ಯಾಹ್ನ, ಒಂದೂವರೆ ಯೂರೋದಂತೆ 112 ಯೂರೋ ಉಳಿಸಿದ್ದೆ. ಅಲ್ಲಿ ಹೆಚ್ಚಿಗೆ ಇರಬೇಕಾಗಿ ಬಂದ ಆರು ತಿಂಗಳಿಗೆ 720ರಂತೆ ಖರ್ಚಾದದ್ದು 4,320 ಯೂರೋ. ಅಪ್ಪನಿಗೆ ಫೋನಿನಲ್ಲಿ ಕೋರ್ಸೇ ಉದ್ದ ಅಂತ ಸುಳ್ಳು ಹೇಳಿದೆ.

ಆದ್ದರಿಂದ ತಿಂಗಳಿಗೆ ಎಷ್ಟು ಸಾಕು ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣಲಿಲ್ಲ. ರಾತ್ರಿ ಅಡುಗೆ ಮಾಡಿಕೊಳ್ಳಿ, ಖಂಡಿತ. ಮಧ್ಯಾಹ್ನ ಮಾತ್ರ ಮೆನ್ಸಾಗೆ ಹೋಗಿ. ಆ ದುಡ್ಡನ್ನು ಊಟದ ಲೆಕ್ಕಕ್ಕೆ ಸೇರಿಸಬೇಡಿ, ಫೀ ಜೊತೆ ಸೇರಿಸಿ. ಊಟ ಚೆನ್ನಾಗಿರುತ್ತಾ ಅಂತ ಕೇಳಿದರೆ, ಇರಲ್ಲ. ಸಸ್ಯಾಹಾರಿ ಆದರೆ ಬೇಳೆ ಸೂಪಿನಲ್ಲೂ ಸಾಸೇಜ್ ಮುಳುಗಿರಬಹುದು, ಕೇಳಿಯೇ ತೆಗೆದುಕೊಳ್ಳಿ. ಬೇಸಿಗೆ ಸೆಮಿಸ್ಟರಿನಲ್ಲಿ ಲ್ಯಾಬಿನ ಪೋಲೆಂಡ್ ಹುಡುಗ ನನ್ನನ್ನು ಮೊದಲ ಸಲ ಮೆನ್ಸಾಗೆ ಎಳೆದುಕೊಂಡು ಹೋದ. ಕೌಂಟರಿನಲ್ಲಿ ಬೆಳ್ಳಗೆ, ಮೆತ್ತಗೆ ಕಲಸಿದ ಅನ್ನ. ಮೊಸರನ್ನ! ಮೇಲೆ ಕಂದು ಪುಡಿ, ಜೀರಿಗೆ ಇರಬೇಕು ಅಂದುಕೊಂಡೆ. ಬಾಯಿಗಿಟ್ಟರೆ ಬಿಸಿ ಬಿಸಿ ಪಾಯಸ, ಪುಡಿ ಚಕ್ಕೆ-ಸಕ್ಕರೆ. ಮಿಲ್ಶ್‌ರೈಸ್ ಅಂತೆ. ಅವರು ಅದನ್ನೇ ಊಟ ಅಂತ ತಿನ್ನುತ್ತಾರೆ, ಬೇರೆ ಏನೂ ಇಲ್ಲ. ನನ್ನ ಮುಖ ನೋಡಿ ಇಡೀ ಮೇಜು ನಕ್ಕಿತು. ಅವತ್ತೇ ಹಳೆಯ ಪ್ರಶ್ನೆಪತ್ರಿಕೆಗಳ ಫೋಲ್ಡರ್ ನನಗೂ ಸಿಕ್ಕಿತು.

ಅಂದಹಾಗೆ ಆ ಪಾಯಸದ ಗುಂಡಕ್ಕಿ ಯಾವ ಸೂಪರ್‌ಮಾರ್ಕೆಟ್‌ನಲ್ಲೂ ಅಗ್ಗ. ನಿಜವಾದ ಮೊಸರನ್ನಕ್ಕೆ ಬಾಸ್ಮತಿಗಿಂತ ಅದೇ ಚೆನ್ನ.

ಸೂಟ್‌ಕೇಸ್ ವಿಷಯ ಬೇಗ ಹೇಳಿಬಿಡುತ್ತೇನೆ. ತುಪ್ಪ ಬೇಡ, ಯೂರೋಪಿಯನ್ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ. ಬೇಳೆ ಹೊರಬೇಡಿ, ಏಷ್ಯನ್ ಅಂಗಡಿಗಳಲ್ಲಿ ತೊಗರಿಬೇಳೆ ಸಿಗುತ್ತೆ. ಪುಡಿಗಳನ್ನು ಧಾರಾಳವಾಗಿ ಒಯ್ಯಿರಿ. ಭಾನುವಾರ ಅಂಗಡಿ ಮುಚ್ಚಿರುತ್ತೆ, ಶನಿವಾರವೇ ತರಕಾರಿ ತಂದುಕೊಳ್ಳಿ. ಒಗ್ಗರಣೆ ಹಾಕುವಾಗ ಕಿಟಕಿ ತೆಗೆದಿರಲಿ, ಹೊಗೆ ಅಲಾರಂ ಕೂಗಿದರೆ ಇಡೀ ಮಹಡಿ ಹೊರಗೆ ಬರುತ್ತೆ. ಕುಕ್ಕರ್ ಒಯ್ಯಿರಿ, ಮೂರು ಲೀಟರಿಂದು ಸಾಕು. ತಳ ಚಪ್ಪಟೆ ಇರಲಿ, ಅಲ್ಲಿ ಕರೆಂಟ್ ಒಲೆ ಜಾಸ್ತಿ. ಗ್ಯಾಸ್ಕೆಟ್ ಮಾತ್ರ ಎರಡು ಹೆಚ್ಚಿಗೆ ಇಟ್ಟುಕೊಳ್ಳಿ. ನನ್ನದು ಜನವರಿಯಲ್ಲಿ ಹರಿದು, ಊರಿಂದ ಯಾರೋ ಬರುವ ತನಕ ಅನ್ನಕ್ಕೆ ಪಾತ್ರೆಯೇ ಗತಿಯಾಗಿತ್ತು.