ಸಿಂಧನೂರಿನಲ್ಲಿ 20 ಜವಾರಿ ಕೋಳಿ ಮರಿ ತಂದಿದ್ದೇವೆ. ಕಡಿಮೆ ಖರ್ಚಿನಲ್ಲಿ ಕಾವು ಕೊಡುವುದು ಹೇಗೆ?

60 ವ್ಯಾಟಿನ ಹಳೇ ತರದ ಬಲ್ಬ್ ಎರಡು ಸಾಕು. ಎಲ್‌ಇಡಿ ಬೇಡ, ಅದರ ಕಾವು ಸಾಲದು. ಎರಡು ಯಾಕೆಂದರೆ, ನಡುರಾತ್ರಿ ಒಂದು ಸುಟ್ಟುಹೋದರೂ ಮರಿ ಉಳಿಯುತ್ತವೆ. ನೆಲದಿಂದ ಒಂದೂವರೆ ಅಡಿ ಮೇಲೆ ತಂತಿಯಿಂದ ಬಿಗಿಯಾಗಿ ಕಟ್ಟಿ. ಬರೀ ವೈರಿಗೆ ಜೋತುಬಿಟ್ಟರೆ, ಕಳಚಿ ಭತ್ತದ ಹೊಟ್ಟಿನ ಮೇಲೆ ಬಿದ್ದು ಬೆಂಕಿ ಹತ್ತೀತು.

ಮೊದಲ ವಾರ ಮರಿಗಳ ಮಟ್ಟದಲ್ಲಿ ಸುಮಾರು 35 ಡಿಗ್ರಿ ಇರಲಿ, ಆಮೇಲೆ ವಾರಕ್ಕೆ 3 ಡಿಗ್ರಿ ಇಳಿಸಿ. ಬಲ್ಬಿನಡಿ ಒತ್ತೊತ್ತಾಗಿ ಸೇರಿ ಚೀರಿದರೆ ಚಳಿ. ರೆಕ್ಕೆ ಇಳಿಬಿಟ್ಟು, ಬಾಯಿ ತೆರೆದು ದೂರ ಕೂತರೆ ಸೆಕೆ. ನಮ್ಮ ಕಡೆ ಮೇ ತಿಂಗಳ ಹಗಲಲ್ಲಿ ಬಲ್ಬೇ ಬೇಡ.

ಕರೆಂಟ್ ಹೋದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಇಡಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಮಾತ್ರ ದಯವಿಟ್ಟು ಉರಿಸಬೇಡಿ, ಅದರ ವಿಷಗಾಳಿ ಮನುಷ್ಯರನ್ನೂ ಕೊಲ್ಲುತ್ತದೆ.