ಪ್ರತಿಕ್ರಿಯೆ: ಸ್ಕ್ರ್ಯಾಬಲ್‌ನಲ್ಲಿ ಸರಿಯಾದ ಪದವನ್ನೂ ಕಂಪ್ಯೂಟರ್ ಒಪ್ಪುತ್ತಿಲ್ಲ
ನಿಮ್ಮ ಕಾಲಿನ್ಸ್ ಪುಸ್ತಕದ ಪಟ್ಟಿಯಲ್ಲಿ (ಸ್ಕ್ರ್ಯಾಬಲ್‌ನಲ್ಲಿ ನಡೆಯುವ ಪದಗಳ ಪಟ್ಟಿ) ಇರುವ ‘ಸಿ-ಎಚ್’, ‘ಜೆಡ್-ಓ’ ಎಂಬ ಎರಡಕ್ಷರದ ಪದಗಳನ್ನು ಕ್ವ್ಯಾಕಲ್ (ನೀವು ಸ್ಕ್ರ್ಯಾಬಲ್ ಆಡುವ ಕಂಪ್ಯೂಟರ್ ತಂತ್ರಾಂಶ) ತಳ್ಳಿಹಾಕುತ್ತಿದೆ ಎಂದರೆ, ಅದು ಅಮೆರಿಕದ ಪದಪಟ್ಟಿಯ ಮೇಲೆ ಓಡುತ್ತಿರಬೇಕು. ಆ ಪಟ್ಟಿಯಲ್ಲಿ ಇವೆರಡೂ ಇಲ್ಲ. ‘ಕ್ಯೂ-ಐ’, ‘ಜೆಡ್-ಎ’ ಎರಡು ಕಡೆಯೂ ನಡೆಯುತ್ತವೆ, ಹಾಗಾಗಿ ಅವನ್ನು ಒಪ್ಪಿದೆ. ನಿಮ್ಮ ಪುಸ್ತಕದಲ್ಲಿ ತಪ್ಪಿಲ್ಲ.

ಮೊದಲು ಈಗಿನ ಆಟ ಸೇವ್ ಮಾಡಿ. ಸೆಟ್ಟಿಂಗ್ಸ್‌ಗೆ ಹೋಗಿ ಲೆಕ್ಸಿಕನ್ (ಪದಪಟ್ಟಿ) ಎಂಬಲ್ಲಿ ‘ಸಿಎಸ್‌ಡಬ್ಲ್ಯು’ ಎಂದು ಶುರುವಾಗುವುದನ್ನು ಆರಿಸಿ, ಅದೇ ಕಾಲಿನ್ಸ್ ಪಟ್ಟಿ. ಕೊನೆಯ ಅಂಕಿ ಇಸವಿ: 19 ಎಂದರೆ 2019ರ ಪಟ್ಟಿ. ಇಸವಿ ಬದಲಾದರೆ ಕೆಲವು ಪದಗಳೂ ಬದಲಾಗುತ್ತವೆ. ಶಿರಸಿಯ ನಿಮ್ಮ ಕಾಲೇಜು ಸ್ಪರ್ಧೆಗೆ ಯಾವುದು ಎಂದು ಈಗಲೇ ಕೇಳಿಟ್ಟುಕೊಳ್ಳಿ, ಬೇರೆ ಪಟ್ಟಿಯಲ್ಲಿ ಅಭ್ಯಾಸ ಮಾಡಿದರೆ ಶ್ರಮ ವ್ಯರ್ಥ. ಆಮೇಲೆ ಹೊಸ ಆಟ ಶುರು ಮಾಡಿ, ಸಿ ಮತ್ತು ಎಚ್ ಬಂದಾಗ ಇಟ್ಟು ನೋಡಿ. ನಿಮ್ಮ ಆವೃತ್ತಿ ಹಳೆಯದಾದರೆ ಮೆನು ಸ್ವಲ್ಪ ಬೇರೆ ಇರಬಹುದು.

ಕಂಪ್ಯೂಟರ್ ಯೋಚಿಸುತ್ತಲೇ ಕೂರುತ್ತದೆ ಎಂದಿರಲ್ಲ, ನೀವು ಆರಿಸಿದ ಕಂಪ್ಯೂಟರ್ ಎದುರಾಳಿ ‘ಚಾಂಪಿಯನ್‌ಶಿಪ್ ಪ್ಲೇಯರ್’ ಇರಬೇಕು. ಅದು ಮುಂದಿನ ಸರದಿಗಳನ್ನೂ ಆಡಿ ನೋಡಿಯೇ ಕಾಯಿ ಇಡುತ್ತದೆ. ಸ್ಪೀಡಿ ಪ್ಲೇಯರ್ ಆರಿಸಿ, ಬೇಗ ಆಡುತ್ತದೆ. ಹಾಗೆಂದು ಸುಲಭಕ್ಕೆ ಸೋಲುವುದಿಲ್ಲ. ಮಳೆಗಾಲದ ಕರೆಂಟ್ ನಂಬಬೇಡಿ, ನಾಲ್ಕೈದು ಸರದಿಗೊಮ್ಮೆ ಸೇವ್ ಮಾಡುತ್ತಿರಿ.